ಒಂದು ಶಬ್ದ, ಎರಡು ವಿರುದ್ಧಾರ್ಥ

ಇಂಗ್ಲಿಷಿನ ‘ಕ್ಲೀವ್’ ಎಂಬ ಕ್ರಿಯಾಪದಕ್ಕೆ ಸೀಳುವುದೆಂದೂ ಅಂಟಿಕೊಳ್ಳುವುದೆಂದೂ ಎರಡರ್ಥಗಳುಂಟು. ಇದನ್ನು ಆ ಭಾಷೆಯ ವೈಚಿತ್ರ್ಯವೆಂದು ಬೋಧಿಸುವ ವಾಡಿಕೆಯಿದೆ. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಧಾತುಗಳು. ಉಚ್ಚಾರಣೆ ಸವೆದು ಒಂದೇ ರೂಪಕ್ಕೆ ಬಂದವು. ಇದಕ್ಕೆ ಸರಿದೊರೆಯಾದ ಉದಾಹರಣೆ ಕನ್ನಡದಲ್ಲಿಯೇ ಇದೆ. 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿ ಹೆಸರಾದ ಗುಬ್ಬಿಯ ಸೀಮೆಯವರಿಗೆ ‘ತೆರೆ’ ಎಂದೊಡನೆ ರಂಗವನ್ನು ಮರೆಮಾಡುವ ಪರದೆ ನೆನಪಾಗುವುದು ಸಹಜ. ಅದೇ ‘ತೆರೆ’ ಕ್ರಿಯೆಯಾದಾಗ ಮರೆಯನ್ನು ನೀಗುವುದೆಂದಾಗುತ್ತದೆ. ‘ತೆರೆಯನ್ನು ತೆರೆ’ ಎಂಬಲ್ಲಿ ಮುಚ್ಚುವುದೂ ಬಿಚ್ಚುವುದೂ ಒಂದೇ ಅಕ್ಷರಗಳಲ್ಲಿ ನಿಂತಿವೆ. ಹಳಗನ್ನಡದಲ್ಲಿ ಈ ತೊಡಕಿರಲಿಲ್ಲ: ಪರದೆಯ ‘ತೆರೆ’ಗೆ ಸಾಮಾನ್ಯ ರಕಾರ, ಬಾಗಿಲು ‘ತೆಱೆ’ಯುವುದಕ್ಕೆ ಶಕಟರೇಫ. ತಮಿಳಿನ ‘ತಿರೈ’, ‘ತಿಱ’ ಎಂಬ ರೂಪಗಳಲ್ಲಿ ಈ ಭೇದವು ಇಂದಿಗೂ ಬರೆಹದಲ್ಲಿ ಉಳಿದಿದೆ. 13ನೆಯ ಶತಮಾನದ ಕೇಶಿರಾಜನು ಱಕಾರವನ್ನು ದೇಶೀಯಾಕ್ಷರಗಳಲ್ಲಿ ಎಣಿಸಿದ್ದನು. ಅದು ಕಣ್ಮರೆಯಾದ ಬಳಿಕ ಈ ವಿರೋಧ ತೋರಿಬಂದಿತು. ಕೋಶದಲ್ಲಿ ಇವೆರಡನ್ನು ಒಂದೇ ಉಲ್ಲೇಖದಡಿ ಸೇರಿಸುವುದು ಸರ್ವಥಾ ಸಲ್ಲದು.

ನಿಜವಾಗಿ ಒಂದೇ ಶಬ್ದವು ಎರಡು ಕಡೆಗೆ ತಿರುಗಿದ ನಿದರ್ಶನ ‘ಸಾಲಗಾರ’. ‘ಗಾರ’ ಪ್ರತ್ಯಯವು ಸಾಲದೊಡನೆ ಸಂಬಂಧವುಂಟೆಂದಷ್ಟೇ ತಿಳಿಸುತ್ತದೆ. ಕೊಟ್ಟವನೋ ತಂದವನೋ ಎಂಬುದನ್ನು ಹೇಳದು. ಹಲಸಿನ ಮಾರುಕಟ್ಟೆಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಬ್ಬ ರೈತನು ‘ಸಾಲಗಾರರು ಬಾಗಿಲಿಗೆ ಬಂದರು’ ಎಂದರೆ ಬಂದವರು ಹಣ ಕೊಟ್ಟವರು. ‘ಬೆಳೆ ಕೆಟ್ಟು ಸಾಲಗಾರನಾದೆ’ ಎಂದರೆ ತೀರಿಸಬೇಕಾದವನು ಅವನೇ. ಆಡುಮಾತಿನಲ್ಲಿ ಸಂದರ್ಭವು ನಮ್ಮನ್ನು ಕಾಯುತ್ತದೆ. ಹಳೆಯ ಪತ್ರವನ್ನು ಓದುವವನಿಗೆ ಆ ರಕ್ಷಣೆಯಿಲ್ಲ. ಹೊಲವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೇ ತಲೆಕೆಳಗಾದೀತು. ಉತ್ತಮರ್ಣ, ಅಧಮರ್ಣ ಎಂಬ ಸಂಸ್ಕೃತಪದಗಳು ಈ ಸಂಶಯವನ್ನು ನಿವಾರಿಸಬಲ್ಲವು. ಆದರೆ ಅವನ್ನು ಸಂತೆಯಲ್ಲಿ ಆಡುವವರನ್ನು ನಾವು ಕಾಣೆವು.

ಮತ್ತೊಂದು ಬಗೆಗೆ ಅಮಂಗಳದ ಅಂಜಿಕೆಯೇ ಕಾರಣ. ಅಕ್ಕಿ ಮುಗಿದರೆ ‘ಹೆಚ್ಚಿದೆ’ ಎನ್ನುವರು. ಬಳೆ ಒಡೆದರೂ ‘ಹೆಚ್ಚಿತು’. (ತರಕಾರಿಯನ್ನು ಹೆಚ್ಚುವ ಮಾತು ಬೇರೆ.)

‘ಮುನ್’ ಎಂಬುದರ ಗತಿ ಇನ್ನೂ ಸೂಕ್ಷ್ಮ. ‘ಮುನ್ನಾದಿನ’ವು ಕಳೆದುದು, ‘ಮುಂದಿನ ದಿನ’ವು ಬರತಕ್ಕುದು, ಮೂಲ ಮಾತ್ರ ಒಂದೇ. ಸಾಲಿನಲ್ಲಿ ಮುಂದಿರುವುದು ಮೊದಲು ಬಂದುದು. ದಾರಿಯಲ್ಲಿ ಮುಂದಿರುವುದು ಇನ್ನು ಸಿಕ್ಕಬೇಕಾದುದು. ಕಾಲವನ್ನು ಸಾಲಾಗಿಯೂ ದಾರಿಯಾಗಿಯೂ ಭಾವಿಸಿದುದರಿಂದ ಈ ದ್ವೈವಿಧ್ಯವುಂಟಾಗಿರಬೇಕೆಂದು ನಮ್ಮ ಊಹೆ. ಹಳಗನ್ನಡ ಕಾವ್ಯದ ‘ಮುನ್ನಿನ’ ಎಂಬುದನ್ನು ವಿದ್ಯಾರ್ಥಿಯು ‘ಮುಂದಿನ’ ಎಂದು ಗ್ರಹಿಸಿದರೆ ಪೂರ್ವಜನ್ಮದ ಕಥೆಯು ಮರುಜನ್ಮದ್ದಾಗಿಬಿಡುತ್ತದೆ.