ನಿಯಾನ್ ದೀಪ ತಯಾರಿಸಲು ಎಂಥ ಒತ್ತಡಮಾಪಕ ಬೇಕು? ಮೀಟರಿನ ‘ಸೊನ್ನೆ’ ನಿಜವಾದ ಸೊನ್ನೆಯೇ?

ತಲಕಾಡಿನ ಪಂಚರ್ ಅಂಗಡಿಯೊಂದರಲ್ಲಿ ಗಾಳಿ ಪೂರ್ತಿ ಇಳಿದ ಟೈರಿಗೆ ಮೀಟರ್ ಹಿಡಿದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಹಾಗಾದರೆ ಟೈರಿನೊಳಗೆ ಗಾಳಿಯೇ ಇಲ್ಲವೇ? ಇದೆ. ಹೊರಗೆ ಎಷ್ಟು ಒತ್ತಡವಿದೆಯೋ ಒಳಗೂ ಅಷ್ಟೇ ಇದೆ. ಆ ಮೀಟರ್ ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು ಮಾತ್ರ. ಟೈರಿಗೆ ಅಷ್ಟು ಸಾಕು. ಗಾಜಿನ ಕೊಳವೆಗೆ ನಿಯಾನ್ ತುಂಬುವವರಿಗೆ ಸಾಲದು.

(ಈಗ ‘ನಿಯಾನ್’ ಎಂದು ಮಾರಾಟವಾಗುವ ಬಾಗುವ ದೀಪಗಳಲ್ಲಿ ಹೆಚ್ಚಿನವು ಎಲ್‌ಇಡಿ, ಅವುಗಳಲ್ಲಿ ಅನಿಲವೇ ಇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಜಾರ್ಜ್ ಕ್ಲಾಡ್ 1910ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದ ಬಗೆಯ ಗಾಜಿನ ದೀಪದ ಬಗ್ಗೆ.)

ಕೊಳವೆಯೊಳಗೆ ಎಷ್ಟು ಅನಿಲ?

ಮೊದಲು ಕೊಳವೆಯನ್ನು ಕಾಯಿಸಿ, ಗಾಳಿ ಮತ್ತು ತೇವವನ್ನು ಪಂಪಿನಿಂದ ಹೊರಗೆಳೆಯುತ್ತಾರೆ. ಒಳಗಿನ ಒತ್ತಡ ಒಂದು ಟಾರ್‌ನ ನೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಬೇಕು. ಒಂದು ಟಾರ್ ಎಂದರೆ 1 ಮಿ.ಮೀ. ಎತ್ತರದ ಪಾದರಸದ ಒತ್ತಡ. ಆಮೇಲೆ ನಿಯಾನ್ ತುಂಬುತ್ತಾರೆ. ಸಾಮಾನ್ಯ ದಪ್ಪದ ಕೊಳವೆಗೆ ಸುಮಾರು 10 ಟಾರ್ ಸಾಕು. ಕೊಳವೆ ಸಣ್ಣದಾದಷ್ಟೂ ಒತ್ತಡ ಹೆಚ್ಚು ಬೇಕು.

ಅನಿಲ ಕಡಿಮೆಯಾದರೆ ಅಯಾನುಗಳು ಎಲೆಕ್ಟ್ರೋಡಿಗೆ ಜೋರಾಗಿ ಬಡಿದು ಲೋಹವನ್ನು ಕಿತ್ತೆಸೆಯುತ್ತವೆ. ಕೊಳವೆಯ ತುದಿ ಕಪ್ಪಾಗಿ, ದೀಪ ಬೇಗ ಸಾಯುತ್ತದೆ. ಹೆಚ್ಚಾದರೆ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು; ಟ್ರಾನ್ಸ್‌ಫಾರ್ಮರಿಗೆ ಭಾರ.

ತಲಕಾಡಿನ ಲೆಕ್ಕ

ನಿರ್ವಾತ ಮೀಟರಿನ ಮುಳ್ಳು −760ಕ್ಕೆ ಬಂದರೆ ಗಾಳಿಯೆಲ್ಲ ಖಾಲಿ ಎಂಬ ನಂಬಿಕೆಯಿದೆ. 760 ಸಮುದ್ರಮಟ್ಟದ ಲೆಕ್ಕ. ತಲಕಾಡು ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಮೇಲಿದೆ. ಇಲ್ಲಿ ವಾತಾವರಣದ ಒತ್ತಡವೇ ಸುಮಾರು 700 ಟಾರ್. ಎಂಥ ಒಳ್ಳೆಯ ಪಂಪ್ ತಂದರೂ ಮುಳ್ಳು −700ರ ಹತ್ತಿರವೇ ನಿಲ್ಲುತ್ತದೆ. ಅದು ಪಂಪಿನ ದೋಷವಲ್ಲ.

ಇನ್ನೊಂದು ತೊಡಕಿದೆ. ನಮ್ಮಂಥ ಉಷ್ಣವಲಯದಲ್ಲಿ ವಾತಾವರಣದ ಒತ್ತಡ ದಿನವೂ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ ಸುಮಾರು 2 ಟಾರ್. ಹೊರಗೆ 700 ಇದ್ದಾಗ ಮೀಟರ್ −690 ತೋರಿಸಿದರೆ ಒಳಗಿರುವುದು 10. ಸಂಜೆ ಹೊರಗಿನದು 698ಕ್ಕೆ ಇಳಿದಾಗ ಅದೇ −690 ಎಂದರೆ ಒಳಗಿರುವುದು ಬರೀ 8. ಬೆಳಗಿನ ದೀಪಕ್ಕೂ ಸಂಜೆಯ ದೀಪಕ್ಕೂ ಐದರಲ್ಲೊಂದು ಪಾಲು ವ್ಯತ್ಯಾಸ! ಆದ್ದರಿಂದ ನಿಜವಾದ ನಿರ್ವಾತವನ್ನೇ ಸೊನ್ನೆ ಎಂದಿಟ್ಟುಕೊಂಡು ಅಳೆಯುವ ‘ನಿರಪೇಕ್ಷ’ ಮಾಪಕವೇ ಬೇಕು.

‘1% ನಿಖರತೆ’ ಎಂದು ಬರೆದಿದ್ದರೆ ಸಾಕೇ?

ಸಾಲದು. ಮುಳ್ಳಿನ ಮೀಟರುಗಳಲ್ಲಿ ಈ ಶೇಕಡಾವಾರು ಸಾಮಾನ್ಯವಾಗಿ ಪೂರ್ಣ ಅಳತೆಗೆ ಅನ್ವಯ. 0–760 ಟಾರ್ ಮಾಪಕದಲ್ಲಿ 1% ಎಂದರೆ 7.6 ಟಾರ್. 10 ಅಳೆಯಲು ಹೊರಟವನಿಗೆ 7.6ರ ತಪ್ಪು! ಅದೇ 1% ನಿಖರತೆಯ 0–20 ಮಾಪಕದಲ್ಲಿ ತಪ್ಪು 0.2 ಮಾತ್ರ.

ಒಂದೇ ಮಾಪಕ ಎರಡೂ ಕೆಲಸ ಮಾಡೀತೇ?

ಗಾಳಿ ಎಳೆದದ್ದು ಸಾಕೇ ಎಂದು ನೋಡಲು ಪಿರಾನಿ ಅಥವಾ ಥರ್ಮೋಕಪಲ್ ಮಾಪಕ ಚೆನ್ನ. ಬಿಸಿ ತಂತಿಯಿಂದ ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂಬುದರಿಂದ ಅದು ಒತ್ತಡವನ್ನು ಊಹಿಸುತ್ತದೆ. ಆದರೆ ಸಾಮಾನ್ಯವಾಗಿ ಅದರ ಅಂಕಿಗಳು ಗಾಳಿ ಅಥವಾ ನೈಟ್ರೋಜನ್‌ಗೆ ಹೊಂದಿಸಿದವು. ಆರ್ಗಾನ್ ಶಾಖವನ್ನು ನಿಧಾನವಾಗಿ ಒಯ್ಯುವುದರಿಂದ ಮಾಪಕ ಕಡಿಮೆ ತೋರಿಸುತ್ತದೆ. ಅದನ್ನು ನಂಬಿದವರು ಅನಿಲವನ್ನು ಅತಿಯಾಗಿ ತುಂಬುತ್ತಾರೆ. ನಿಯಾನ್‌ನಲ್ಲೂ ಅಂಕಿ ತಪ್ಪುತ್ತದೆ.

ಹಾಗಾಗಿ ಅನಿಲ ತುಂಬುವಾಗ, ಅದು ಯಾವ ಅನಿಲವಾದರೂ ಒತ್ತಡವನ್ನೇ ನೇರವಾಗಿ ಅಳೆಯುವ ಬೇರೆ ಮಾಪಕವಿರಲಿ: ನಿರಪೇಕ್ಷ ಡಯಲ್, ಕೆಪ್ಯಾಸಿಟೆನ್ಸ್ ಮಾಪಕ, ಅಥವಾ ಒಂದು ಬದಿಯನ್ನು ನಿರ್ವಾತಗೊಳಿಸಿದ, ಎಣ್ಣೆ ತುಂಬಿದ ‘ಯು’ ಕೊಳವೆ. ಪಾದರಸ ಎಣ್ಣೆಗಿಂತ ಸುಮಾರು 13 ಪಟ್ಟು ತೂಕ. ಹಾಗಾಗಿ ಒಂದು ಟಾರ್‌ಗೆ ಎರಡು ಬದಿಗಳ ಎಣ್ಣೆಯ ಮಟ್ಟಗಳ ನಡುವೆ ಸುಮಾರು 13 ಮಿ.ಮೀ. ವ್ಯತ್ಯಾಸ ಬರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಪಾದರಸದ ವಿಷದ ಭಯವೂ ಇಲ್ಲ.

ಮಾಪಕ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಇದರ ಸೊನ್ನೆ ಯಾವುದು? 1% ಎಂದರೆ ಯಾವುದರ 1%? ಅಂಕಿಗಳು ಯಾವ ಅನಿಲಕ್ಕೆ ಹೊಂದಿಸಿದವು? ಜೊತೆಗೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ಪ್ರಮಾಣಪತ್ರವಿದ್ದರೆ ಇನ್ನೂ ಒಳ್ಳೆಯದು.