ಶಾಸನ ವಿದ್ಯಾರ್ಥಿಯ ಡಿಜಿಟಲ್ ಟಿಪ್ಪಣಿ: ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಕೆಲವು ವರ್ಷಗಳ ಹಿಂದೆ ಒಂದು ಕೆರೆ ಏರಿಯ ಮೇಲಿದ್ದ ತುಂಡು ಶಾಸನವನ್ನು ಓದಿ, ಫೋನಿನಲ್ಲೇ ಟೈಪ್ ಮಾಡ್ಕೊಂಡು ಬಂದೆ. ಸವೆದ ಕಡೆ ಹೊಂದುವ ಅಕ್ಷರಗಳನ್ನು ನಾನೇ ತುಂಬಿಸಿದ್ದೆ; ಗುರುತು ಹಾಕಿರಲಿಲ್ಲ. ಮತ್ತೆ ಹೋದಾಗ ಏರಿ ಅಗಲವಾಗಿತ್ತು, ಕಲ್ಲು ಇರಲಿಲ್ಲ. ಫೋಟೋ ನಡುಮಧ್ಯಾಹ್ನದ ಬಿಸಿಲಿನದು, ಅಕ್ಷರ ಕಾಣೋದಿಲ್ಲ. ದಾನಿಯ ಹೆಸರಿನಲ್ಲಿ ಕಲ್ಲಿನ ಅಕ್ಷರ ಯಾವುದು, ನನ್ನದು ಯಾವುದು ಅಂತ ಇವತ್ತಿಗೂ ಹೇಳಲಾರೆ. ಆ ಪಾಠವನ್ನು ಎಲ್ಲೂ ಪ್ರಕಟಿಸಿಲ್ಲ.

ನಾನು ವೃತ್ತಿಯಲ್ಲಿ ಇಂಜಿನಿಯರ್; ಲಿಪಿ ಕಲಿತದ್ದು ಸ್ವಂತವಾಗಿ. ಆಮೇಲೆ ಟಿಪ್ಪಣಿಯ ಕ್ರಮವನ್ನೇ ಬದಲಿಸಿದೆ. ಬಳಸುವುದು ಅಬ್ಸಿಡಿಯನ್. ಅದು ಟಿಪ್ಪಣಿಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಸಾದಾ ಪಠ್ಯದ ಫೈಲ್‌ಗಳಾಗಿ ಇಡುತ್ತದೆ. ನಾಳೆ ಆ ಸಾಫ್ಟ್‌ವೇರ್ ಇಲ್ಲದಿದ್ದರೂ ಫೈಲ್ ತೆರೆಯಬಹುದು. ಒಂದು ಶಾಸನಕ್ಕೆ ಒಂದು ಫೈಲ್, ಅದರಲ್ಲಿ ನಾಲ್ಕು ಭಾಗ:

1. ಗುರುತು: ಊರು, ತಾಲ್ಲೂಕು, ನೋಡಿದ ದಿನ, ಫೋಟೋ ಸಂಖ್ಯೆ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಬಂದಿದ್ದರೆ ರೈಸ್ ಅವರ ಸಂಪುಟವೋ ಪರಿಷ್ಕೃತ ಸಂಪುಟವೋ ಎಂದೂ ಬರೆಯಿರಿ. ಎರಡರ ಸಂಪುಟ ಸಂಖ್ಯೆಗಳು ಎಲ್ಲ ಕಡೆ ಹೊಂದುವುದಿಲ್ಲ.

2. ಪಾಠ: ಕಲ್ಲಿನ ಒಂದು ಸಾಲಿಗೆ ಟಿಪ್ಪಣಿಯಲ್ಲೂ ಒಂದೇ ಸಾಲು, ಮುಂದೆ ಸಾಲಿನ ಸಂಖ್ಯೆ. ನಾನು ತುಂಬಿದ ಅಕ್ಷರ [ ] ಒಳಗೆ; ಅನುಮಾನವಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಎಚ್ಚರ: ಜೋಡಿ ಚೌಕ ಆವರಣ [[ ]] ಹಾಕಿದರೆ ಅಬ್ಸಿಡಿಯನ್ ಅದನ್ನು ಇನ್ನೊಂದು ಟಿಪ್ಪಣಿಯ ಕೊಂಡಿ ಅಂದ್ಕೊಳ್ಳುತ್ತೆ.

3. ಹುಡುಕು ಸಾಲು: ಯುನಿಕೋಡ್‌ನಲ್ಲಿ ಱ, ೞ ಎರಡೂ ಇವೆ. ಪಾಠದಲ್ಲಿ ಅವನ್ನೇ ಬಳಸಿ, ರ, ಳ ಎಂದು ತಿದ್ದಬೇಡಿ. ಆದರೆ ‘ಕೆರೆ’ ಎಂದು ಹುಡುಕಿದರೆ ‘ಕೆಱೆ’ ಸಿಗೋದಿಲ್ಲ. ‘ಗದ್ದೆ’ ಎಂದರೆ ‘ಗೞ್ದೆ’ ಸಿಗೋದಿಲ್ಲ. ಅದಕ್ಕೇ ಮುಖ್ಯ ಪದಗಳ ಇಂದಿನ ರೂಪವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿಡಿ. ನೂರು ಫೈಲ್ ಸೇರಿದ ಮೇಲೆ ಕೆರೆಗೆ ಬಿಟ್ಟ ಗದ್ದೆಗಳೆಲ್ಲ ಒಂದೇ ಹುಡುಕಾಟದಲ್ಲಿ ಬರುತ್ತವೆ.

4. ಊಹೆ: ಅರ್ಥ, ಕಾಲ, ಅರಸ ಯಾರು ಎಂಬ ತರ್ಕವೆಲ್ಲ ಇಲ್ಲಿ, ದಿನಾಂಕದ ಸಮೇತ. ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸಬೇಡಿ, ಕೆಳಗೆ ಹೊಸದನ್ನು ಸೇರಿಸಿ.

ಫೋಟೋವನ್ನು ಬೆಳಗ್ಗೆ ಅಥವಾ ಸಂಜೆ ಓರೆ ಬೆಳಕಿನಲ್ಲಿ ತೆಗೆದು ಅದೇ ಫೋಲ್ಡರಿನಲ್ಲಿ ಇಡಿ. ಪಾಠವನ್ನು ಕಲ್ಲಿನ ಮುಂದೆ ಕೂತೇ ಮುಗಿಸಿ. ಊಹೆಯ ಭಾಗವನ್ನು ಮನೆಗೆ ಬಂದು ಬರೆಯಬಹುದು. ಕಲ್ಲು ಹೋದರೂ, ಮುಂದೆ ಓದುವವರಿಗೆ ನೀವು ಕಣ್ಣಾರೆ ಕಂಡದ್ದೆಷ್ಟು ಎಂಬುದಾದರೂ ಉಳಿಯುತ್ತದೆ.