ಸತ್ಯನ್ ಅವರ ಫೋಟೊ, ನನ್ನ ಮೊಬೈಲ್

ಟಿ.ಎಸ್. ಸತ್ಯನ್ 1923ರಲ್ಲಿ ಹುಟ್ಟಿದ ಮೈಸೂರಿನವರು. ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನನಗೆ ಹಿಡಿಸಿದ್ದು ಇಷ್ಟು: ಅವರ ಚಿತ್ರದಲ್ಲಿ ಬಡವರು ಬಡಪಾಯಿಗಳಾಗಿ ಕಾಣುವುದಿಲ್ಲ.

ಜೇವರ್ಗಿ ಕಡೆ ನಮ್ಮ ಖಾಲಾ ಊರಲ್ಲಿ ತೊಗರಿ ರಾಶಿ ನಡೆದಾಗ ಇದನ್ನೇ ಪ್ರಯತ್ನಿಸಿದೆ. ಮಧ್ಯಾಹ್ನದ ಬಿಸಿಲು ಮೇಲಿಂದ ಬೀಳುವುದರಿಂದ ಕಣ್ಣಿನ ಕೆಳಗೆ ಕಪ್ಪು ನೆರಳು ಕೂತು ಮುಖ ಸೋತಂತೆ ಕಾಣುತ್ತದೆ. ಸಂಜೆ ಬೆಳಕು ಪಕ್ಕದಿಂದ ಬರುತ್ತದೆ; ಆಗ ಸುಕ್ಕೂ ಚೆಂದ. ನನ್ನ ಮೊಬೈಲಿನಲ್ಲಿ ಝೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಅಂದಮೇಲೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಕೇಳಲೇಬೇಕು.

ಕೇಳಿದೆ. ಒಬ್ಬ ಆಯಿ, "ಮಾರಿ ಬ್ಯಾಡವ್ವಾ, ಬೇಕಾದ್ರ ಕೈ ತಗಿ" ಅಂದರು. ಮರದಲ್ಲಿ ತೊಗರಿ ಹಸನು ಮಾಡುವ ಅವರ ಕೈಗಳನ್ನೇ ತೆಗೆದೆ. ಹಿಂದೆ ಕಣ್ಣು ಕುಕ್ಕುತ್ತಿದ್ದ ನೀಲಿ ಪ್ಲಾಸ್ಟಿಕ್ ಕೊಡ ಕಪ್ಪು-ಬಿಳುಪಿನಲ್ಲಿ ಅಡಗಿತು. ಬಳೆಗಳ ಹಸಿರೂ ಹೋಯಿತು, ಅದೊಂದು ಬೇಸರ.

ಮುಖವಿಲ್ಲದ ಫೋಟೊ ಯಾರಿಗೆ ಬೇಕು ಎಂದು ಗೆಳತಿಯರು ಕೇಳಿದರು. ಆಯಿಗೆ ಬೇಕಿತ್ತು. ಆಳಂದದ ಸ್ಟುಡಿಯೊದಲ್ಲಿ ಇಪ್ಪತ್ತು ರೂಪಾಯಿಗೆ ಪ್ರಿಂಟ್ ಹಾಕಿಸಿ, ಖಾಲಾ ಕೈಯಲ್ಲಿ ಕಳಿಸಿದ್ದೇನೆ.